ಸಾವಿರ ಸರೋವರಗಳ ಮೌನಕ್ಕೆ ಬಿಲ್ ಕಟ್ಟಿದವರು ಯಾರು?

ಇವತ್ತಿನ ಎಪಿಸೋಡ್‌ನಲ್ಲಿ ನಾವು ಹೋಗ್ತಿರೋದು ಅಮೆರಿಕದ ಉತ್ತರದ ಅಂಚಿಗೆ. ಮಿನ್ನೆಸೋಟ ರಾಜ್ಯ ಕೆನಡಾವನ್ನು ಮುಟ್ಟುವ ಜಾಗ. ಹೆಸರು ಬೌಂಡರಿ ವಾಟರ್ಸ್, ಅಂದ್ರೆ ಗಡಿಯ ನೀರು. ಹೆಸರಿಗೆ ತಕ್ಕ ಹಾಗೆ ಅಲ್ಲಿ ಎರಡು ದೇಶಗಳ ಗಡಿ ಹಾದುಹೋಗೋದು ನೆಲದ ಮೇಲಲ್ಲ, ಸರೋವರಗಳ ಮಧ್ಯೆ.

ಮೊದಲು ಅಳತೆ ಹೇಳ್ತೀನಿ. ಸುಮಾರು 10 ಲಕ್ಷ 90 ಸಾವಿರ ಎಕರೆ, ಅಂದ್ರೆ 4,400 ಚದರ ಕಿಲೋಮೀಟರ್. ನಮ್ಮ ಇಡೀ ಕೊಡಗು ಜಿಲ್ಲೆಗಿಂತ ಸ್ವಲ್ಪ ದೊಡ್ಡದು. ಅದರೊಳಗೆ 1,100ಕ್ಕೂ ಹೆಚ್ಚು ಸರೋವರಗಳಿವೆ. ಗಡಿಯಾಚೆ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಕ್ವೆಟಿಕೊ ಅನ್ನೋ ಪಾರ್ಕ್ ಇದೆ, ಅದೂ ಹೆಚ್ಚುಕಡಿಮೆ ಇಷ್ಟೇ ದೊಡ್ಡದು. ಸುಮಾರು 10,000 ವರ್ಷಗಳ ಹಿಂದೆ ಹಿಮನದಿಗಳು ಹಿಂದೆ ಸರಿದಾಗ ಹಳೇ ಬಂಡೆಗಳ ಮೇಲೆ ಗುಂಡಿಗಳು ಉಳಿದವು, ಅವುಗಳಲ್ಲಿ ನೀರು ತುಂಬಿತು. ಇವತ್ತು ಅಲ್ಲಿ ಇರೋದು ನೀರು, ಬಂಡೆ, ಪೈನ್ ಕಾಡು. ಒಳಗೆ ಕರೆಂಟ್ ಇಲ್ಲ, ಅಂಗಡಿ ಇಲ್ಲ, ಹೋಟೆಲ್ ಇಲ್ಲ.

ಅಲ್ಲಿ ತಿರುಗಾಡೋದು ಹೇಗೆ? ಕನೂ ಅನ್ನೋ ಹಗುರವಾದ, ಎರಡೂ ತುದಿ ಚೂಪಾಗಿರೋ ದೋಣಿಯಲ್ಲಿ. ಒಂದು ಸರೋವರ ದಾಟ್ತೀರಿ. ದಡ ಬರುತ್ತೆ. ಬ್ಯಾಗ್ ಇಳಿಸ್ತೀರಿ, ದೋಣಿಯನ್ನು ಮಗುಚಿ ಹೆಗಲ ಮೇಲೆ ಹೊತ್ತುಕೊಳ್ತೀರಿ, ಕಾಡಿನ ಕಾಲುದಾರಿಯಲ್ಲಿ ನಡೆದು ಮುಂದಿನ ಸರೋವರಕ್ಕೆ ಇಳಿಸ್ತೀರಿ. ಈ ಹೊತ್ತು ನಡೆಯೋ ದಾರಿಗೆ ಪೋರ್ಟೇಜ್ ಅಂತಾರೆ. ಅದರ ದೂರವನ್ನು ಇವತ್ತಿಗೂ ಕಿಲೋಮೀಟರ್‌ನಲ್ಲಿ ಹೇಳಲ್ಲ, ರಾಡ್ ಅನ್ನೋ ಹಳೇ ಅಳತೆಯಲ್ಲಿ ಹೇಳ್ತಾರೆ. ಒಂದು ರಾಡ್ ಅಂದ್ರೆ ಹದಿನಾರೂವರೆ ಅಡಿ, ಸರಿಸುಮಾರು ಒಂದು ಕನೂ ಉದ್ದ. 320 ರಾಡ್ ಸೇರಿದ್ರೆ ಒಂದು ಮೈಲಿ. ಸಾಮಾನು ಜಾಸ್ತಿ ಇದ್ರೆ ಒಂದೇ ಸಲಕ್ಕೆ ಆಗಲ್ಲ. ಹೊತ್ತು ಹೋಗಿ, ಖಾಲಿ ಕೈಯಲ್ಲಿ ವಾಪಸ್ ಬಂದು, ಮತ್ತೆ ಹೊತ್ತು ಹೋಗಬೇಕು. ಅಂದ್ರೆ ಒಂದು ಮೈಲಿ ದಾರಿಗೆ ಮೂರು ಮೈಲಿ ನಡಿಗೆ.

ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಜನ ಹೀಗೆ ಕಷ್ಟಪಡೋಕೆ ಅಲ್ಲಿಗೆ ಹೋಗ್ತಾರೆ. ಯಾಕೆ ಅಂತ ಕೇಳಿದ್ರೆ ಬಹಳ ಜನರ ಉತ್ತರ ಒಂದೇ: ಮೌನ. ರಾತ್ರಿ ಲೂನ್ ಹಕ್ಕಿ ಕೂಗೋದು ಬಿಟ್ಟರೆ ಏನೂ ಕೇಳಿಸಲ್ಲ ಅಂತಾರೆ. ಆಕಾಶ ಎಷ್ಟು ಕಪ್ಪು ಅಂದ್ರೆ, 2020ರಲ್ಲಿ ಇದಕ್ಕೆ ಡಾರ್ಕ್ ಸ್ಕೈ ಸ್ಯಾಂಕ್ಚುರಿ ಅನ್ನೋ ಅಂತರರಾಷ್ಟ್ರೀಯ ಮಾನ್ಯತೆಯೂ ಸಿಕ್ಕಿತು.

ನೀವು ಇನ್‌ಸ್ಟಾಗ್ರಾಮ್‌ನಲ್ಲಿ ಈ ಜಾಗದ ರೀಲ್ ನೋಡಿದ್ರೆ ಕೆಳಗೆ ಒಂದು ಮಾತು ಖಂಡಿತ ಇರುತ್ತೆ. ಮನುಷ್ಯ ಮುಟ್ಟದ ಕಾಡು ಅಂತ. ಇವತ್ತು ನಾನು ಹೇಳೋಕೆ ಹೊರಟಿರೋದು ಆ ಮಾತು ಸರಿಯಲ್ಲ ಅಂತ. ಈ ಕಾಡನ್ನು ಮುಟ್ಟಿದ್ದಾರೆ, ಚೆನ್ನಾಗಿಯೇ ಮುಟ್ಟಿದ್ದಾರೆ. 1940ರ ದಶಕದಲ್ಲಿ ಇಲ್ಲಿನ ಸರೋವರಗಳ ಮೇಲೆ ವಿಮಾನ ಇಳೀತಿತ್ತು, ದಡದಲ್ಲಿ ರೆಸಾರ್ಟ್‌ಗಳಿದ್ದವು. 1970ರ ದಶಕದವರೆಗೂ ಮರ ಕಡೀತಿದ್ರು. ಇವತ್ತಿನ ಮೌನ ಪ್ರಕೃತಿ ತಾನಾಗಿ ಉಳಿಸಿಕೊಂಡಿದ್ದಲ್ಲ. ಅದನ್ನು ಒಂದೊಂದೇ ಕಾನೂನು ಮಾಡಿ, ಒಂದೊಂದೇ ಜಗಳ ಆಡಿ ಕಟ್ಟಿದ್ದು. ನಾನು ಬಿಕಾಂ ಓದಿದವನು. ನಮಗೆ ಮೊದಲ ವರ್ಷವೇ ತಲೆಗೆ ತುಂಬೋದು ಏನು? ಪ್ರತಿ ಕ್ರೆಡಿಟ್‌ಗೂ ಎಲ್ಲೋ ಒಂದು ಡೆಬಿಟ್ ಇರಲೇಬೇಕು. ಹಾಗಾಗಿ ನನ್ನ ಪ್ರಶ್ನೆ ಸಿಂಪಲ್: ಈ ಮೌನ ಯಾರ ಖಾತೆಯಿಂದ ಬಂತು?

ಬೀವರ್ ಟೋಪಿ ಮತ್ತು 41 ಕೆಜಿ ಮೂಟೆ

ಶುರುವಿಂದ ಬರೋಣ. ಈ ನೆಲ ಓಜಿಬ್ವೆ ಜನರದ್ದು. ಅವರು ತಮ್ಮನ್ನು ಅನಿಶಿನಾಬೆ ಅಂತ ಕರೆದುಕೊಳ್ತಾರೆ. ಬರ್ಚ್ ಮರದ ತೊಗಟೆ, ಸೀಡರ್ ಮರದ ಪಟ್ಟಿ, ಹೊಲಿಗೆಗೆ ಸ್ಪ್ರೂಸ್ ಮರದ ಬೇರು, ನೀರು ಒಳಬರದಂತೆ ಮೆತ್ತೋಕೆ ಮರದ ಅಂಟು. ಇಷ್ಟರಲ್ಲೇ ಅವರು ಕನೂ ಕಟ್ತಿದ್ರು. ದಾರಿಯಲ್ಲಿ ಬಂಡೆಗೆ ತಾಗಿ ಹರಿದ್ರೆ, ರಿಪೇರಿ ಸಾಮಾನು ಪಕ್ಕದ ಮರದಲ್ಲೇ ಸಿಗ್ತಿತ್ತು. ಇವತ್ತು ಪ್ರವಾಸಿಗರು ನಡೆಯೋ ಎಷ್ಟೋ ಪೋರ್ಟೇಜ್ ದಾರಿಗಳು ಅವರ ಕಾಲ್ನಡಿಗೆಯಿಂದ ಆದವು. ಸರೋವರದ ಅಂಚಿನಲ್ಲಿ ಬೆಳೆಯೋ ಮನೋಮಿನ್ ಅನ್ನೋ ಕಾಡು ಅಕ್ಕಿ ಅವರ ಊಟ. ಹೆಗ್‌ಮನ್ ಸರೋವರದ ಬಂಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಮನುಷ್ಯ, ಮೂಸ್, ದೋಣಿಗಳ ಚಿತ್ರ ಇವತ್ತಿಗೂ ಕಾಣುತ್ತೆ.

ಆಮೇಲೆ ಬಂದಿದ್ದು ವ್ಯಾಪಾರ. ಯುರೋಪಿನಲ್ಲಿ ಬೀವರ್ ಪ್ರಾಣಿಯ ತುಪ್ಪಳದಿಂದ ಮಾಡಿದ ಟೋಪಿ ದೊಡ್ಡ ಫ್ಯಾಷನ್ ಆಗಿತ್ತು. ಆ ಟೋಪಿಗೋಸ್ಕರ ಮಾಂಟ್ರಿಯಲ್‌ನಿಂದ ಈ ಸರೋವರಗಳ ಮೂಲಕ ಪಶ್ಚಿಮಕ್ಕೆ ಒಂದು ಸಪ್ಲೈ ಚೈನ್ ಬೆಳೀತು. ನಾರ್ತ್ ವೆಸ್ಟ್ ಕಂಪನಿ ಸುಪೀರಿಯರ್ ಸರೋವರದ ದಡದ ಗ್ರ್ಯಾಂಡ್ ಪೋರ್ಟೇಜ್‌ನಲ್ಲಿ ತನ್ನ ದೊಡ್ಡ ಕೇಂದ್ರ ಇಟ್ಟುಕೊಂಡಿತ್ತು. ಹುಟ್ಟು ಹಾಕಿ, ಮೂಟೆ ಹೊರೋ ಕೂಲಿಗಳಿಗೆ ವಾಯೇಜರ್ ಅಂತ ಹೆಸರು. ಹೆಚ್ಚಿನವರು ಫ್ರೆಂಚ್ ಮಾತಾಡೋ ಕೆನಡಾದ ಹಳ್ಳಿ ಹುಡುಗರು. ಒಂದು ಮೂಟೆ 90 ಪೌಂಡ್, ಅಂದ್ರೆ ಸುಮಾರು 41 ಕೆಜಿ. ಒಬ್ಬ ಒಂದು ಸಲಕ್ಕೆ ಎರಡು ಮೂಟೆ ಹೊರ್ತಿದ್ದ. ಗ್ರ್ಯಾಂಡ್ ಪೋರ್ಟೇಜ್ ದಾರಿ ಎಂಟೂವರೆ ಮೈಲಿ ಉದ್ದ. ಇವತ್ತು 20 ಕೆಜಿಯ ಕೆವ್ಲಾರ್ ಕನೂ ಹೊತ್ತು ಸ್ಟೋರಿ ಹಾಕೋ ನಮ್ಮ ಅಡ್ವೆಂಚರ್ ಇದೆಯಲ್ಲ, ಅದು ಅವರಿಗೆ ದಿನಗೂಲಿ.

1842ರಲ್ಲಿ ಬ್ರಿಟನ್ ಮತ್ತು ಅಮೆರಿಕ ವೆಬ್‌ಸ್ಟರ್-ಆಶ್‌ಬರ್ಟನ್ ಒಪ್ಪಂದ ಮಾಡಿಕೊಂಡು, ಇದೇ ದೋಣಿ ದಾರಿಯನ್ನು ಹಿಡಿದು ಗಡಿ ಎಳೆದವು. ಅದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಶರತ್ತು ಇದೆ. ಗಡಿಯುದ್ದಕ್ಕೂ ಇರೋ ಪೋರ್ಟೇಜ್ ದಾರಿಗಳು ಎರಡೂ ದೇಶದ ಜನಕ್ಕೆ ಮುಕ್ತ. ದೇಶ ಬೇರೆ ಆದರೂ ಹೊತ್ತು ನಡೆಯೋ ದಾರಿ ಒಂದೇ.

1854ರಲ್ಲಿ ಇನ್ನೊಂದು ಒಪ್ಪಂದ ಆಯಿತು. ಓಜಿಬ್ವೆ ಜನ ಈಶಾನ್ಯ ಮಿನ್ನೆಸೋಟದ ನೆಲವನ್ನು ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಬೇಟೆ ಮತ್ತು ಮೀನಿನ ಹಕ್ಕನ್ನು ಇಟ್ಟುಕೊಂಡರು. ನಮ್ಮ ಲೆಕ್ಕದ ಪುಸ್ತಕದ ಮೊದಲ ದೊಡ್ಡ ಡೆಬಿಟ್ ಇದು. ಮುಂದೆ ಆಗೋ ಎಲ್ಲಾ ಜಗಳಗಳೂ ಈ ಎಂಟ್ರಿಯ ಮೇಲೆ ನಿಂತಿವೆ, ಇದನ್ನು ಮರೀಬೇಡಿ.

400 ಅಡಿಯ ಪರದೆ

ಹತ್ತೊಂಬತ್ತನೇ ಶತಮಾನದ ಕೊನೆಗೆ ಮರದ ಕಂಪನಿಗಳು ಬಂದವು. ದೊಡ್ಡ ದೊಡ್ಡ ಪೈನ್ ಮರಗಳು ಉರುಳಿದವು. 1909ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸುಪೀರಿಯರ್ ನ್ಯಾಷನಲ್ ಫಾರೆಸ್ಟ್ ಘೋಷಿಸಿದರು. ಅದೇ ವರ್ಷ ಗಡಿಯಾಚೆ ಕ್ವೆಟಿಕೊ ಕೂಡ ಮೀಸಲು ಅರಣ್ಯ ಆಯಿತು. 1920ರ ದಶಕದ ಆರಂಭದಲ್ಲಿ ಅರಣ್ಯ ಇಲಾಖೆಯಲ್ಲಿದ್ದ ಆರ್ಥರ್ ಕಾರ್‌ಹಾರ್ಟ್ ಅನ್ನೋ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಒಂದು ಪ್ಲಾನ್ ಬರೆದರು. ಇಲ್ಲಿಗೆ ರಸ್ತೆ ಬೇಡ, ನೀರೇ ರಸ್ತೆ ಆಗಲಿ, ಜನ ಕನೂನಲ್ಲಿ ಬರಲಿ ಅನ್ನೋದು ಅದರ ಸಾರ. ಕಾರು ಆಗ ತಾನೇ ಎಲ್ಲರ ಮನೆಗೂ ಬರ್ತಿದ್ದ ಕಾಲ ಅದು. ಎಲ್ಲರೂ ರಸ್ತೆ ಕೇಳ್ತಿದ್ದಾಗ ಸರ್ಕಾರಿ ನೌಕರನೊಬ್ಬ ರಸ್ತೆ ಬೇಡ ಅಂದಿದ್ದು ಸಣ್ಣ ಮಾತಲ್ಲ.

1925ರಲ್ಲಿ ನಿಜವಾದ ಪರೀಕ್ಷೆ ಬಂತು. ಎಡ್ವರ್ಡ್ ಬ್ಯಾಕಸ್ ಅನ್ನೋ ಕಾಗದ ಮತ್ತು ಮರದ ಉದ್ಯಮಿ ಇದ್ದರು. ಆ ಭಾಗದಲ್ಲಿ ಅವರೇ ರಾಜ. ರೇನಿ ಲೇಕ್ ಜಲಾನಯನದಲ್ಲಿ ಸಾಲಾಗಿ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯೋ ಯೋಜನೆ ಮುಂದಿಟ್ಟರು. ಅದಾಗಿದ್ರೆ ಕೆಲವು ಸರೋವರಗಳ ನೀರು ಹತ್ತಾರು ಅಡಿ ಏರಿ ದ್ವೀಪಗಳು, ಜಲಪಾತಗಳು ಮುಳುಗ್ತಿದ್ದವು.

ಅವರ ಎದುರು ನಿಂತವರು ಅರ್ನೆಸ್ಟ್ ಓಬರ್‌ಹೋಲ್ಟ್ಸರ್. ಹಾರ್ವರ್ಡ್‌ನಲ್ಲಿ ಓದಿದವರು, ಹುಡುಗನಾಗಿದ್ದಾಗಲೇ ಕಾಯಿಲೆಯಿಂದ ಹೃದಯ ದುರ್ಬಲವಾಗಿತ್ತು. ಅಂಥವರು 1909ರಲ್ಲಿ ಒಂದೇ ಬೇಸಿಗೆಯಲ್ಲಿ ಈ ನೀರಿನ ಮೇಲೆ ಸುಮಾರು 3,000 ಮೈಲಿ ಹುಟ್ಟು ಹಾಕಿದ್ದರು. 1912ರಲ್ಲಿ ಹಡ್ಸನ್ ಕೊಲ್ಲಿವರೆಗೆ ಹೋಗಿ ವಾಪಸ್ ಬಂದರು, ಸುಮಾರು 2,000 ಮೈಲಿ. ಜೊತೆಗಿದ್ದವರು ಬಿಲ್ಲಿ ಮಗೀ ಅನ್ನೋ ಓಜಿಬ್ವೆ ಗೈಡ್. ಓಬರ್‌ಹೋಲ್ಟ್ಸರ್‌ಗೆ ಈ ನೀರು ಪರಿಚಯ ಆಗಿದ್ದು ಹೀಗೆ, ಈ ನೆಲದ ಮನುಷ್ಯನ ಪಕ್ಕದಲ್ಲಿ ಕೂತು.

ಓಬರ್‌ಹೋಲ್ಟ್ಸರ್ ಮತ್ತು ಅವರ ಗೆಳೆಯರು ವರ್ಷಗಟ್ಟಲೆ ಓಡಾಡಿ, 1930ರಲ್ಲಿ ಅಮೆರಿಕದ ಕಾಂಗ್ರೆಸ್‌ನಿಂದ ಶಿಪ್‌ಸ್ಟೆಡ್-ನ್ಯೂಟನ್-ನೋಲನ್ ಕಾಯಿದೆ ಮಾಡಿಸಿದರು. ಸರ್ಕಾರಿ ನೆಲದಲ್ಲಿ ಸಹಜ ನೀರಿನ ಮಟ್ಟ ಬದಲಿಸೋ ಹಾಗಿಲ್ಲ, ದಡದಿಂದ 400 ಅಡಿ ಒಳಗೆ ಮರ ಕಡಿಯೋ ಹಾಗಿಲ್ಲ. ಬ್ಯಾಕಸ್ ಅವರ ಕಂಪನಿ ಮಹಾ ಆರ್ಥಿಕ ಕುಸಿತದಲ್ಲಿ ದಿವಾಳಿ ಎದ್ದಿತು. ಅವರು 1934ರಲ್ಲಿ ತೀರಿಕೊಂಡರು.

ಆದರೆ ಆ 400 ಅಡಿ ಅನ್ನೋದನ್ನು ಸ್ವಲ್ಪ ಯೋಚಿಸಿ. ದೋಣಿಯಲ್ಲಿ ಕೂತವರಿಗೆ ಕಾಡು ದಟ್ಟವಾಗಿ ಕಾಣುತ್ತೆ. ಆ ಪರದೆಯ ಹಿಂದೆ ಗರಗಸ ನಡೀತಾನೇ ಇತ್ತು. ಕಾಯಿದೆ ಉಳಿಸಿದ್ದು ಕಾಡನ್ನು ಅನ್ನೋದಕ್ಕಿಂತ ದೋಣಿಯಿಂದ ಕಾಣೋ ನೋಟವನ್ನು. ಈ ಜಾಗದ ಕಾನೂನು ಪ್ರವಾಸಿಯ ಕಣ್ಣನ್ನು ಎಷ್ಟು ಮುಖ್ಯ ಮಾಡಿಕೊಂಡಿತ್ತು ಅನ್ನೋದು ಇದರಲ್ಲಿ ಗೊತ್ತಾಗುತ್ತೆ.

ವಿಮಾನ ಇಳಿಯದ ಸರೋವರ

ಎರಡನೇ ಮಹಾಯುದ್ಧ ಮುಗೀತು. ವಿಮಾನ ಹಾರಿಸೋದು ಕಲಿತ ಹುಡುಗರು ಮನೆಗೆ ಬಂದರು, ಮಿಲಿಟರಿಗೆ ಬೇಡವಾದ ಸಣ್ಣ ವಿಮಾನಗಳೂ ಸಿಗ್ತಿದ್ದವು. ಬೌಂಡರಿ ವಾಟರ್ಸ್‌ನ ಬಾಗಿಲಲ್ಲಿರೋ ಈಲಿ ಅನ್ನೋ ಪುಟ್ಟ ಗಣಿ ಊರು ನೀರಿನ ಮೇಲೆ ಇಳಿಯೋ ವಿಮಾನಗಳ ದೊಡ್ಡ ಕೇಂದ್ರವಾಯಿತು. ಪಟ್ಟಣದಿಂದ ಬಂದವರು ಬೆಳಗ್ಗೆ ವಿಮಾನ ಹತ್ತಿ, ನಡುಗಾಡಿನ ಸರೋವರದ ರೆಸಾರ್ಟ್‌ನಲ್ಲಿ ಇಳಿದು, ಮೀನು ಹಿಡಿದು ಸಂಜೆಗೆ ವಾಪಸ್. ಮೂರು ದಿನ ಹುಟ್ಟು ಹಾಕಿ, ಮೈಕೈ ನೋಯಿಸಿಕೊಂಡು ಅದೇ ಸರೋವರಕ್ಕೆ ಬಂದ ಕನೂ ಪ್ರವಾಸಿಗೆ ತಲೆ ಮೇಲೆ ಎಂಜಿನ್ ಸದ್ದು.

ಈ ಕನೂ ಪ್ರವಾಸಿಗಳ ಪರವಾಗಿ ನಿಂತವರು ಸಿಗರ್ಡ್ ಓಲ್ಸನ್. ಈಲಿಯ ಜೂನಿಯರ್ ಕಾಲೇಜಿನಲ್ಲಿ ಮೇಷ್ಟ್ರು, ಬೇಸಿಗೆಯಲ್ಲಿ ಕನೂ ಗೈಡ್, ಆಮೇಲೆ ದೊಡ್ಡ ಲೇಖಕ. ಇವರಂಥವರ ಒತ್ತಡಕ್ಕೆ 1949ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಒಂದು ಆದೇಶಕ್ಕೆ ಸಹಿ ಹಾಕಿದರು. ಈ ಪ್ರದೇಶದ ಮೇಲೆ ಸಮುದ್ರಮಟ್ಟದಿಂದ 4,000 ಅಡಿಗಿಂತ ಕೆಳಗೆ ವಿಮಾನ ಹಾರುವಂತಿಲ್ಲ. ಅಂದ್ರೆ ಇಳಿಯೋ ಮಾತೇ ಇಲ್ಲ. ಕಾಡಿನ ಶಾಂತಿಗೋಸ್ಕರ ಆಕಾಶಕ್ಕೇ ಬೀಗ!

ರೆಸಾರ್ಟ್‌ನವರು ಕೋರ್ಟ್‌ಗೆ ಹೋದರು, ಸೋತರು. ಅದಕ್ಕೂ ಒಂದು ವರ್ಷ ಮುಂಚೆ, 1948ರಲ್ಲಿ, ಥೈ-ಬ್ಲಾಟ್ನಿಕ್ ಕಾಯಿದೆ ಬಂದಿತ್ತು. ಕಾಡೊಳಗಿನ ರೆಸಾರ್ಟ್, ಕ್ಯಾಬಿನ್, ಖಾಸಗಿ ಜಮೀನುಗಳನ್ನು ಸರ್ಕಾರ ದುಡ್ಡು ಕೊಟ್ಟು ಕೊಂಡುಕೊಳ್ಳೋಕೆ ದಾರಿ ಮಾಡಿದ ಕಾನೂನು. ಜಮೀನು ಸರ್ಕಾರದ್ದಾದರೆ ಕೌಂಟಿಗೆ ಬರೋ ತೆರಿಗೆ ಹೋಗುತ್ತಲ್ಲ? ಅದಕ್ಕೆ ಪರಿಹಾರವಾಗಿ ಆ ಜಮೀನಿನ ಮೌಲ್ಯದ 0.75% ಅನ್ನು ಪ್ರತಿ ವರ್ಷ ಕೌಂಟಿಗಳಿಗೆ ಕೊಡೋ ಏರ್ಪಾಡು ಅದರಲ್ಲೇ ಇತ್ತು. ಅಂದ್ರೆ ಮೌನಕ್ಕೆ ಬಿಲ್ ಇದೆ ಅನ್ನೋದು ನನ್ನ ಅಲಂಕಾರದ ಮಾತಲ್ಲ. ಸರ್ಕಾರವೇ ರೇಟ್ ಬರೆದಿಟ್ಟಿದೆ.

ರೂಟ್ ಬಿಯರ್ ಅಜ್ಜಿ

ಈ ಬಿಲ್‌ಗೆ ಒಂದು ಮುಖ ಬೇಕು ಅಂದ್ರೆ ಡೊರೊತಿ ಮೋಲ್ಟರ್ ಅವರನ್ನು ನೆನೆಯಬೇಕು. 1907ರಲ್ಲಿ ಹುಟ್ಟಿದವರು, ಓದಿದ್ದು ನರ್ಸಿಂಗ್. 1930ರಲ್ಲಿ ಮನೆಯವರ ಜೊತೆ ಮೀನು ಹಿಡಿಯೋಕೆ ಅಂತ ನೈಫ್ ಲೇಕ್‌ನ ಐಲ್ ಆಫ್ ಪೈನ್ಸ್ ದ್ವೀಪಕ್ಕೆ ಬಂದರು. ಕೆಲವೇ ವರ್ಷಗಳಲ್ಲಿ ಅಲ್ಲೇ ನೆಲೆಸಿದರು. ದ್ವೀಪದ ಪುಟ್ಟ ರೆಸಾರ್ಟ್‌ನ ಮಾಲೀಕ 1948ರಲ್ಲಿ ತೀರಿಕೊಂಡಾಗ ಅದು ಡೊರೊತಿಗೆ ಬಂತು. ಹತ್ತಿರದ ರಸ್ತೆ ಅಂದ್ರೆ ಸುಮಾರು 15 ಮೈಲಿ ದೂರ, ಮಧ್ಯೆ ಐದು ಪೋರ್ಟೇಜ್. ಗಾಯ ಆದವರು, ದಾರಿ ತಪ್ಪಿದವರು, ಮೀನಿನ ಗಾಳ ಕೈಗೆ ಚುಚ್ಚಿಕೊಂಡವರು, ಎಲ್ಲರಿಗೂ ಅವರೇ ಆಸ್ಪತ್ರೆ.

ರೆಸಾರ್ಟ್‌ಗೆ ಸೋಡಾ, ಪಾನೀಯ ಎಲ್ಲಾ ವಿಮಾನದಲ್ಲಿ ಬರ್ತಿತ್ತು. ಟ್ರೂಮನ್ ಆದೇಶ ಬಂತು, ಸಪ್ಲೈ ನಿಂತಿತು. ಅವರ ಹತ್ತಿರ ಉಳಿದಿದ್ದು ರಾಶಿ ಖಾಲಿ ಗಾಜಿನ ಬಾಟಲಿ. ಅದಕ್ಕೆ ಸರೋವರದ ನೀರು ತುಂಬಿ ಮನೆಯಲ್ಲೇ ರೂಟ್ ಬಿಯರ್ ಮಾಡೋಕೆ ಶುರು ಮಾಡಿದರು. ಹೆಸರಲ್ಲಿ ಬಿಯರ್ ಇದ್ದರೂ ಅದು ನಮ್ಮ ಗೋಲಿ ಸೋಡಾ ಥರದ ಸಿಹಿ ಪಾನೀಯ. ಚಳಿಗಾಲದಲ್ಲಿ ಸರೋವರದ ಮಂಜುಗಡ್ಡೆ ಕೊಯ್ದು ಇಟ್ಟುಕೊಂಡು, ಬೇಸಿಗೆಯಲ್ಲಿ ಬಾಟಲಿ ತಣ್ಣಗೆ ಮಾಡ್ತಿದ್ರು. ವರ್ಷಕ್ಕೆ ಸಾವಿರಾರು ಬಾಟಲಿ ಖಾಲಿ ಆಗ್ತಿತ್ತು. 1952ರಲ್ಲಿ ಒಂದು ದೊಡ್ಡ ಪತ್ರಿಕೆ ಇವರನ್ನು ಅಮೆರಿಕದ ಅತಿ ಒಂಟಿ ಹೆಂಗಸು ಅಂತ ಬರೆಯಿತು. ಬೇಸಿಗೆ ಪೂರ್ತಿ ಸಾವಿರಾರು ಅತಿಥಿಗಳು ಬಂದು ಹೋಗೋ ಮನೆ ಅದು. ಒಂಟಿ ಅಂದ್ರೆ ಹೇಗೆ, ನೀವೇ ಹೇಳಿ.

1964ರಲ್ಲಿ ವೈಲ್ಡರ್‌ನೆಸ್ ಆ್ಯಕ್ಟ್ ಬಂತು. ಕಾಡೊಳಗೆ ಖಾಸಗಿ ಮನೆ ಇರುವಂತಿಲ್ಲ. ಸರ್ಕಾರ ಡೊರೊತಿಯ ಆಸ್ತಿಯನ್ನೂ ವಶಕ್ಕೆ ತಗೊಂಡಿತು. ಆದರೆ ಅವರನ್ನು ಎಬ್ಬಿಸ್ತಾರೆ ಅಂತ ಗೊತ್ತಾದಾಗ ಜನ ಸುಮ್ಮನಿರಲಿಲ್ಲ, ಗಲಾಟೆ ಆಯಿತು. ಮೊದಲು 1975ರವರೆಗೆ, ಆಮೇಲೆ ಬದುಕಿರೋವರೆಗೆ ಇರಬಹುದು ಅಂತ ಇಲಾಖೆ ಒಪ್ಪಿತು. ಅವರು 1986ರ ಡಿಸೆಂಬರ್‌ನಲ್ಲಿ, 79ನೇ ವಯಸ್ಸಿನಲ್ಲಿ, ಅದೇ ದ್ವೀಪದಲ್ಲಿ ತೀರಿಕೊಂಡರು. ಆಮೇಲೆ ಅಭಿಮಾನಿಗಳು ಅವರ ಮರದ ಮನೆಗಳನ್ನು ಬಿಚ್ಚಿ, ಹೆಪ್ಪುಗಟ್ಟಿದ ಸರೋವರಗಳ ಮೇಲೆ ಎಳೆದು ಈಲಿಗೆ ತಂದು ಮ್ಯೂಸಿಯಂ ಮಾಡಿದರು. ಇವತ್ತು ಆ ದ್ವೀಪದಲ್ಲಿ ಯಾರೂ ವಾಸವಿಲ್ಲ. ಅಲ್ಲಿ ಹೋಗಿ ನಿಂತವನಿಗೆ ಇದು ಮನುಷ್ಯ ಮುಟ್ಟದ ಜಾಗ ಅಂತಲೇ ಅನ್ನಿಸಬಹುದು.

ಈಲಿಯ ಸಿಟ್ಟು

ಈಗ ಊರಿನವರ ಕಡೆಯಿಂದ ನೋಡೋಣ. ಈಲಿ ಹುಟ್ಟಿದ್ದೇ ಕಬ್ಬಿಣದ ಅದಿರಿನಿಂದ. ಅಲ್ಲಿನ ಕೊನೆಯ ಗಣಿ, ಪಯೊನೀರ್, 1967ರಲ್ಲಿ ಮುಚ್ಚಿತು. ಉಳಿದಿದ್ದು ಮರದ ಕೆಲಸ, ರೆಸಾರ್ಟ್, ಮೋಟಾರ್ ದೋಣಿಯಲ್ಲಿ ಮೀನಿಗೆ ಬರೋ ಪ್ರವಾಸಿಗಳು, ಚಳಿಗಾಲದಲ್ಲಿ ಸ್ನೋಮೊಬೈಲ್. 1964ರ ಕಾಯಿದೆ ಬೌಂಡರಿ ವಾಟರ್ಸ್‌ಗೆ ವಿಶೇಷ ವಿನಾಯಿತಿ ಕೊಟ್ಟು, ಕೆಲವು ಕಡೆ ಮೋಟಾರ್, ಕೆಲವು ಕಡೆ ಮರ ಕಡಿಯೋದು ಮುಂದುವರಿಯಲು ಬಿಟ್ಟಿತ್ತು. 1970ರ ದಶಕದಲ್ಲಿ ಆ ವಿನಾಯಿತಿಯನ್ನೂ ತೆಗೀಬೇಕು ಅನ್ನೋ ಹೋರಾಟ ಶುರುವಾಯಿತು. ಮಿನಿಯಾಪೊಲಿಸ್ ನಗರದ ಸಂಸದ ಡೊನಾಲ್ಡ್ ಫ್ರೇಸರ್ ಪೂರ್ತಿ ನಿಷೇಧದ ಮಸೂದೆ ತಂದರು. ಈಲಿ ಭಾಗದ ಸಂಸದ ಜೇಮ್ಸ್ ಓಬರ್‌ಸ್ಟಾರ್ ಮೋಟಾರ್ ಮತ್ತು ಮರದ ಕೆಲಸಕ್ಕೆ ಜಾಗ ಉಳಿಸೋ ಮಸೂದೆ ತಂದರು. ಇಬ್ಬರೂ ಒಂದೇ ಪಕ್ಷದವರು.

1977ರ ಜುಲೈನಲ್ಲಿ ಈಲಿಯಲ್ಲಿ ಸಾರ್ವಜನಿಕ ವಿಚಾರಣೆ ನಡೀತು. ಹೊರಗೆ ಮರದ ಲಾರಿಗೆ ಒಂದು ಪ್ರತಿಕೃತಿಯನ್ನು ನೇಣು ಹಾಕಿದ್ದರು. ಅದು ಸಿಗರ್ಡ್ ಓಲ್ಸನ್ ಅವರದ್ದು. ಆ ಊರಿನಲ್ಲಿ ಪಾಠ ಹೇಳಿಕೊಟ್ಟ ಮೇಷ್ಟ್ರು, ಆಗ 78 ವರ್ಷ. ಒಳಗೆ ಅವರು ಮಾತಾಡೋಕೆ ಎದ್ದಾಗ ಜನ ಕೂಗಿದರು. ಅವರು ಆದರೂ ಮಾತಾಡಿದರು.

ಈ ದೃಶ್ಯವನ್ನು ಪರಿಸರ ಪ್ರೇಮಿ ವರ್ಸಸ್ ಹಳ್ಳಿ ಗೂಂಡಾಗಳು ಅಂತ ಹೇಳಿ ಮುಗಿಸೋದು ಸುಲಭ. ನನಗೆ ಹಾಗೆ ಅನ್ನಿಸಲ್ಲ. ಗಣಿ ಮುಚ್ಚಿ ಹತ್ತು ವರ್ಷ ಆದ ಊರು ಅದು. ನಗರದಿಂದ ವಾರ ರಜೆಗೆ ಬರೋವರು ನಿಮ್ಮ ಊರು ನಮಗೆ ಮೌನವಾಗಿ ಬೇಕು ಅಂತಿದ್ದಾರೆ. ಮೌನ ಅಂದ್ರೆ ಗರಗಸ ನಿಲ್ಲಬೇಕು, ಎಂಜಿನ್ ನಿಲ್ಲಬೇಕು. ಆ ಗರಗಸ, ಆ ಎಂಜಿನ್ ಯಾರದ್ದೋ ಸಂಬಳ. ಓಲ್ಸನ್ ಹೇಳಿದ್ದೂ ಸುಳ್ಳಲ್ಲ. ಅವತ್ತು ಬಿಟ್ಟಿದ್ರೆ ಆ ಕಾಡು ಮತ್ತೆ ಸಿಗ್ತಿರಲಿಲ್ಲ. ಎರಡೂ ಕಡೆಯ ಲೆಕ್ಕ ಸರಿಯಾಗಿಯೇ ಇತ್ತು, ಒಂದೇ ಪುಸ್ತಕದಲ್ಲಿ ಕೂರ್ತಿರಲಿಲ್ಲ ಅಷ್ಟೇ.

1978ರ ಅಕ್ಟೋಬರ್ 21ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಹೊಸ ಕಾಯಿದೆಗೆ ಸಹಿ ಹಾಕಿದರು. ಮರ ಕಡಿಯೋದು ನಿಂತಿತು. ಮೋಟಾರ್ ದೋಣಿಗೆ ನೀರಿನ ಸುಮಾರು ಕಾಲು ಭಾಗದಲ್ಲಿ ಮಾತ್ರ ಅವಕಾಶ, ಅದೂ ಎಂಜಿನ್ ಶಕ್ತಿಗೆ ಮಿತಿ ಇಟ್ಟು. ಬಿಸಿನೆಸ್ ನಡೆಸೋಕೆ ಆಗದ ರೆಸಾರ್ಟ್‌ಗಳನ್ನು ಸರ್ಕಾರವೇ ಕೊಂಡುಕೊಳ್ಳಬೇಕು ಅಂತ ಬರೆಯಿತು. ಇದಕ್ಕೆ ಹೋರಾಡಿದ ಫ್ರೇಸರ್ ಅದೇ ವರ್ಷ ಸೆನೆಟ್ ಟಿಕೆಟ್‌ಗೋಸ್ಕರ ನಡೆದ ಪಕ್ಷದೊಳಗಿನ ಚುನಾವಣೆಯಲ್ಲಿ ಸೋತರು, ಅದಕ್ಕೆ ಉತ್ತರದ ಜನರ ಸಿಟ್ಟೂ ಒಂದು ಕಾರಣ. ಓಲ್ಸನ್ 1982ರ ಜನವರಿಯಲ್ಲಿ ಈಲಿಯಲ್ಲೇ ಹಿಮದ ಮೇಲೆ ನಡೀತಾ ಹೃದಯಾಘಾತದಿಂದ ತೀರಿಕೊಂಡರು. ತನ್ನ ಪ್ರತಿಕೃತಿಯನ್ನು ನೇಣಿಗೆ ಹಾಕಿದ ಊರನ್ನು ಅವರು ಬಿಟ್ಟು ಹೋಗಿರಲಿಲ್ಲ.

ಗಡಿಯಾಚೆಯ ಅಳಿಸಿದ ಹೆಸರು

ಈಲಿಯವರಿಗೆ ಕೊನೇಪಕ್ಷ ವಿಚಾರಣೆ ನಡೀತು, ಪರಿಹಾರ ಬರೆದರು. ಗಡಿಯಾಚೆ ಅದೂ ಇರಲಿಲ್ಲ. ಕ್ವೆಟಿಕೊ ಒಳಗೆ ಓಜಿಬ್ವೆ ಜನರದ್ದೇ ಒಂದು ಮೀಸಲು ನೆಲ ಇತ್ತು, 24ಸಿ ಅಂತ. 1873ರ ಟ್ರೀಟಿ 3 ಒಪ್ಪಂದದ ಪ್ರಕಾರ ಗುರುತಿಸಿದ್ದು. ಕ್ವೆಟಿಕೊ 1913ರಲ್ಲಿ ಪ್ರಾಂತೀಯ ಪಾರ್ಕ್ ಆಯಿತು. 1915ರಲ್ಲಿ ಒಂಟಾರಿಯೊ ಸರ್ಕಾರ ಆ ಮೀಸಲು ನೆಲವನ್ನೇ ರದ್ದು ಮಾಡಿತು. ಪಾರ್ಕ್ ಒಳಗೆ ಅವರ ಊರು ಇಲ್ಲದಾಯಿತು.

1991ರಲ್ಲಿ ಒಂಟಾರಿಯೊ ಸರ್ಕಾರ ಲಾಕ್ ಲಾ ಕ್ರಾ ಅನ್ನೋ ಓಜಿಬ್ವೆ ಸಮುದಾಯದ ಕ್ಷಮೆ ಕೇಳಿತು. ಪಾರ್ಕ್‌ನ ಕೆಲವು ಸರೋವರಗಳಲ್ಲಿ ಆ ಸಮುದಾಯದ ಗೈಡ್‌ಗಳಿಗೆ ಮೋಟಾರ್ ದೋಣಿ ಬಳಸಲು ಅವಕಾಶವೂ ಇದೆ. ಆ ಎಂಜಿನ್ ಸದ್ದು ಕೇಳಿ ಮುಖ ಸಿಂಡರಿಸೋ ಪ್ರವಾಸಿಗೆ ಅದರ ಹಿಂದೆ 1915 ಇದೆ ಅಂತ ಗೊತ್ತಿರಬೇಕು. ಮೌನದ ಬಿಲ್ ಅನ್ನು ಅತಿ ಹೆಚ್ಚು ಕಟ್ಟಿದವರು, ರಸೀದಿ ಕೂಡ ಸಿಗದವರು, ಇವರು.

ನಿಮ್ಮ ಕೈಯಲ್ಲಿರೋ ಫೋನ್

ಲೆಕ್ಕ ಇನ್ನೂ ಕ್ಲೋಸ್ ಆಗಿಲ್ಲ. ಬೌಂಡರಿ ವಾಟರ್ಸ್ ಪಕ್ಕದ ಬಂಡೆಗಳ ಕೆಳಗೆ ತಾಮ್ರ ಮತ್ತು ನಿಕಲ್ ಇದೆ. ನೀವು ಈಗ ನನ್ನ ಮಾತು ಕೇಳ್ತಿರೋ ಫೋನ್‌ಗೆ ಬೇಕಾದ ಲೋಹ, ಎಲೆಕ್ಟ್ರಿಕ್ ಕಾರಿಗೆ ಬೇಕಾದ ಲೋಹ. ಟ್ವಿನ್ ಮೆಟಲ್ಸ್ ಅನ್ನೋ ಕಂಪನಿ, ಚಿಲಿ ದೇಶದ ಅಂಟೊಫಗಸ್ಟಾ ಕಂಪನಿಯ ಒಡೆತನದ್ದು, ಈಲಿ ಹತ್ತಿರ ಗಣಿ ತೆಗೀಬೇಕು ಅಂತ ಹೊರಟಿತು. ಅದಿರಿನಲ್ಲಿ ಗಂಧಕ ಇದೆ. ಅಂಥ ಅದಿರಿಗೆ ಗಾಳಿ, ನೀರು ತಾಗಿದ್ರೆ ಆಮ್ಲ ಹುಟ್ಟುತ್ತೆ. ಆ ಜಾಗದ ನೀರು ಹರಿಯೋದು ಉತ್ತರಕ್ಕೆ, ನೇರ ಈ ಸರೋವರಗಳಿಗೆ. 2023ರ ಜನವರಿಯಲ್ಲಿ ಅಮೆರಿಕ ಸರ್ಕಾರ ಸುಮಾರು 2,25,000 ಎಕರೆಯಲ್ಲಿ 20 ವರ್ಷ ಹೊಸ ಗಣಿ ಗುತ್ತಿಗೆ ಕೊಡಬಾರದು ಅಂತ ಆದೇಶ ಮಾಡಿತು. ಜಗಳ ಅಲ್ಲಿಗೆ ಮುಗಿಯಲಿಲ್ಲ. ಈಲಿಯ ಬೀದಿಯಲ್ಲಿ ಗಣಿ ಬೇಕು ಅನ್ನೋವರೂ ಇದ್ದಾರೆ, ಬೇಡ ಅನ್ನೋವರೂ ಇದ್ದಾರೆ. 1977ರ ಅದೇ ಪ್ರಶ್ನೆ, ಗರಗಸದ ಬದಲು ಈಗ ಡ್ರಿಲ್.

ಹಾಗಾದ್ರೆ ಅಲ್ಲಿಗೆ ಹೋಗೋದೇ ತಪ್ಪಾ? ನಾನು ಹಾಗೆ ಹೇಳಲ್ಲ. ನಾನಿನ್ನೂ ಅಲ್ಲಿಗೆ ಹೋಗಿಲ್ಲ, ಆದರೆ ಹೋಗೋ ಆಸೆ ಖಂಡಿತ ಇದೆ. ಅಲ್ಲಿನ ನಿಯಮಗಳನ್ನು ಓದಿದಾಗ ಮೊದಲು ಇವು ಬರೀ ತಲೆನೋವು ಅನ್ನಿಸಬಹುದು. ಬೇಸಿಗೆಯಲ್ಲಿ ರಾತ್ರಿ ಉಳಿಯೋಕೆ ಪರ್ಮಿಟ್, ಅದರಲ್ಲೂ ದಿನಕ್ಕೆ ಇಂತಿಷ್ಟೇ ತಂಡ ಅನ್ನೋ ಕೋಟಾ. ಒಂದು ಗುಂಪಿನಲ್ಲಿ 9 ಜನ, 4 ದೋಣಿಗಿಂತ ಹೆಚ್ಚಿಲ್ಲ. ಗಾಜಿನ ಬಾಟಲಿ, ಡಬ್ಬಿ ತಿಂಡಿ ಒಳಗೆ ತರುವಂತಿಲ್ಲ. ಟೆಂಟ್ ಹಾಕೋದು ಗುರುತು ಮಾಡಿದ ಜಾಗದಲ್ಲಿ ಮಾತ್ರ. ಇತಿಹಾಸ ಗೊತ್ತಾದ ಮೇಲೆ ಇವು ಬೇರೆ ಥರ ಕಾಣ್ತವೆ. ಆ ಮೌನಕ್ಕೆ ಈಗಾಗಲೇ ಎಷ್ಟೋ ಜನ ಕಟ್ಟಿದ ಮೇಲೆ, ಪ್ರವಾಸಿಯ ಪಾಲಿಗೆ ಬಂದ ಚಿಕ್ಕ ಕಂತು ಇದು. ಡಬ್ಬಿ ಬಿಟ್ಟು ಬರೋದು, ಗಲಾಟೆ ಮಾಡದೆ ಇರೋದು, ಸ್ವಂತ ಭಾರ ಸ್ವಂತ ಹೆಗಲ ಮೇಲೆ ಹೊರೋದು.

ನೀವು ಯಾವತ್ತಾದರೂ ಆ ದಾರಿಯಲ್ಲಿ ಕನೂ ಹೊತ್ತು ನಡೆದ್ರೆ, ಅಥವಾ ಮುಂದಿನ ಸಲ ಯಾವುದೋ ರೀಲ್‌ನಲ್ಲಿ ಮನುಷ್ಯ ಮುಟ್ಟದ ಜಾಗ ಅಂತ ನೋಡಿದ್ರೆ, ಎರಡು ಪ್ರಶ್ನೆ ಕೇಳಿ. ಇಲ್ಲಿ ಮೊದಲು ಯಾರಿದ್ರು? ಅವರು ಎಲ್ಲಿಗೆ ಹೋದ್ರು? ಉತ್ತರ ಸಿಕ್ಕ ಮೇಲೂ ಆ ಜಾಗ ಚೆನ್ನಾಗಿಯೇ ಕಾಣುತ್ತೆ. ಫೋಟೋ ತೆಗೆಯೋ ಮುಂಚೆ ಅವರ ಹೆಸರೂ ನೆನಪಾಗುತ್ತೆ, ಅಷ್ಟೇ.